ದೂರದ ಸರ್ವರಿನ ಕಡತಗಳಿಗೆ ಲಾಗಿನ್ ವಿವರ ಉಳಿಸಿಡುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚಾಮರಾಜಪೇಟೆಯ ಒಂದು ಚಿಕ್ಕ ಪ್ರಕಾಶನ ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುವ ಹೊಣೆ ನನ್ನದು. ಅಕ್ಷರ ಜೋಡಿಸುವವರು, ಕರಡು ತಿದ್ದುವವರು, ಮುಖಪುಟ ಮಾಡುವವರು ಎಲ್ಲರೂ ಅದೇ ಸರ್ವರಿನ ಕಡತಗಳ ಮೇಲೆ ಕೆಲಸ ಮಾಡುತ್ತಾರೆ. ಅವರಲ್ಲಿ ಹಲವರು ಕೆಂಗೇರಿ, ಯಲಹಂಕ, ವೈಟ್‌ಫೀಲ್ಡ್ ಕಡೆಯ ತಮ್ಮ ಮನೆಗಳಿಂದಲೇ ಸಂಪರ್ಕ ಪಡೆಯುತ್ತಾರೆ. ಪಾಸ್‌ವರ್ಡನ್ನು ಎಲ್ಲಿ, ಹೇಗೆ ಉಳಿಸಿಡಬೇಕು ಎಂಬ ಬಗ್ಗೆ ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ತಂತ್ರಾಂಶಗಳ ಜೊತೆಗೆ ಬರುವ ಕೈಪಿಡಿಗಳು "ವಿವರಗಳನ್ನು ಒಂದು ಕಡತದಲ್ಲಿಟ್ಟು ಆ ಕಡತವನ್ನು ಸರಿಯಾಗಿ ಕಾಪಾಡಿಕೊಳ್ಳಿ" ಎಂದು ಹೇಳಿ ಸುಮ್ಮನಾಗುತ್ತವೆ. ಯಾರಿಂದ ಕಾಪಾಡಬೇಕು, ಹಾಗೆ ಕಾಪಾಡಿದ ಮೇಲೂ ಯಾರಿಗೆ ಅದು ತೆರೆದೇ ಇರುತ್ತದೆ ಎಂಬುದನ್ನು ಹೇಳುವುದಿಲ್ಲ. ಕೆಳಗಿನ ಉತ್ತರಗಳನ್ನು ಮುಖ್ಯವಾಗಿ ಆ ಕೊರತೆ ತುಂಬಲು ಬರೆದಿದ್ದೇನೆ.

ಎಫ್‌ಎಸ್‌ಟ್ಯಾಬ್ ಸಾಲಿನಲ್ಲೇ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಬರೆದರೆ ಕೆಲಸ ಆಗುತ್ತದಲ್ಲ, ಪ್ರತ್ಯೇಕ ಕಡತ ಏಕೆ?

ಕೆಲಸ ಆಗುತ್ತದೆ, ಆದರೆ ಲಿನಕ್ಸ್ ಕಂಪ್ಯೂಟರಿನಲ್ಲಿ ಯಾವ ಡಿಸ್ಕ್, ಯಾವ ಹಂಚಿಕೆಯ ಫೋಲ್ಡರನ್ನು ಜೋಡಿಸಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಕಡತವನ್ನು ಯಾವ ಬಳಕೆದಾರರು ಬೇಕಾದರೂ ತೆರೆದು ಓದಬಹುದು. ಅದರ ಅನುಮತಿ ಸಾಮಾನ್ಯವಾಗಿ 644 ಆಗಿರುತ್ತದೆ, ಅಂದರೆ ತಿದ್ದುವ ಹಕ್ಕು ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನಿಗೆ ಮಾತ್ರವಿದ್ದರೂ ಓದುವ ಹಕ್ಕು ಎಲ್ಲರಿಗೂ ಇರುತ್ತದೆ. ಹಲವು ಪ್ರೋಗ್ರಾಂಗಳು ಅದನ್ನು ಓದಿಯೇ ಕೆಲಸ ಮಾಡುವುದರಿಂದ ಅದನ್ನು ಮುಚ್ಚಿಡುವುದೂ ಸರಿಯಲ್ಲ. ಇದಲ್ಲದೆ, ತೊಂದರೆ ಬಂದಾಗ ನಾವು ಎಫ್‌ಎಸ್‌ಟ್ಯಾಬ್ ಸಾಲುಗಳನ್ನು ನಕಲು ಮಾಡಿ ಗೆಳೆಯರಿಗೆ ಕಳಿಸುತ್ತೇವೆ, ಪರದೆಯ ಚಿತ್ರ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತೇವೆ. ಪಾಸ್‌ವರ್ಡ್ ಅದೇ ಸಾಲಿನಲ್ಲಿದ್ದರೆ ಅದೂ ಜೊತೆಗೇ ಹೋಗಿಬಿಡುತ್ತದೆ.

ಟರ್ಮಿನಲ್‌ನಲ್ಲಿ ಮೌಂಟ್ ಆಜ್ಞೆಯ (ದೂರದ ಫೋಲ್ಡರನ್ನು ನಮ್ಮ ಯಂತ್ರಕ್ಕೆ ಜೋಡಿಸುವ ಆಜ್ಞೆ) ಜೊತೆಗೇ ಪಾಸ್‌ವರ್ಡ್ ಬರೆಯುವುದಕ್ಕೂ ಇದೇ ಆಕ್ಷೇಪ ಅನ್ವಯಿಸುತ್ತದೆ. ಆ ಆಜ್ಞೆ ನಡೆಯುತ್ತಿರುವಷ್ಟು ಹೊತ್ತು ಪ್ರೋಗ್ರಾಂಗಳ ಪಟ್ಟಿಯಲ್ಲಿ ಬೇರೆಯವರಿಗೂ ಕಾಣಿಸಬಹುದು, ಮುಗಿದ ಮೇಲೆ ಶೆಲ್‌ನ ಇತಿಹಾಸ ಕಡತದಲ್ಲಿ ಉಳಿದುಕೊಳ್ಳುತ್ತದೆ.

ಹಾಗಾದರೆ ಆ ಪ್ರತ್ಯೇಕ ಕಡತವನ್ನು ಬರೆಯುವ ಕ್ರಮ ಯಾವುದು?

ಸಾಂಬಾ (ಲಿನಕ್ಸ್‌ನಿಂದ ವಿಂಡೋಸ್ ರೀತಿಯಲ್ಲಿ ಫೋಲ್ಡರ್ ಹಂಚುವ ತಂತ್ರಾಂಶ) ಅಥವಾ ವಿಂಡೋಸ್ ಸರ್ವರಿನ ಹಂಚಿಕೆಯ ಫೋಲ್ಡರನ್ನು ಲಿನಕ್ಸ್‌ನಲ್ಲಿ ಮೌಂಟ್ ಮಾಡುವಾಗ 'ಕ್ರೆಡೆನ್ಶಿಯಲ್ಸ್' ಎಂಬ ಆಯ್ಕೆಯ ಮುಂದೆ ಸಮ ಚಿಹ್ನೆ ಹಾಕಿ ಕಡತದ ಪೂರ್ಣ ದಾರಿಯನ್ನು ಕೊಡಬೇಕು. ಆ ಕಡತದೊಳಗೆ ಮೂರು ಸಾಲುಗಳಿರುತ್ತವೆ: ಮೊದಲನೆಯದು 'ಯೂಸರ್‌ನೇಮ್' ಪದ, ಸಮ ಚಿಹ್ನೆ, ನಿಮ್ಮ ಹೆಸರು, ಎರಡನೆಯದು 'ಪಾಸ್‌ವರ್ಡ್' ಪದ, ಸಮ ಚಿಹ್ನೆ, ಪಾಸ್‌ವರ್ಡ್, ಮೂರನೆಯದು 'ಡೊಮೇನ್', ಅದು ಅಗತ್ಯವಿದ್ದರೆ ಮಾತ್ರ. ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಈ ಪದಗಳು ಕಡತದಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಇರಬೇಕು. ಸಮ ಚಿಹ್ನೆಯ ಹಿಂದೆ ಮುಂದೆ ಖಾಲಿ ಜಾಗ ಬಿಡಬೇಡಿ, ಪಾಸ್‌ವರ್ಡಿಗೆ ಉದ್ಧರಣ ಚಿಹ್ನೆಯನ್ನೂ ಹಾಕಬೇಡಿ.

ಕಡತದ ಒಡೆಯ ರೂಟ್ ಆಗಿರಲಿ, ಅನುಮತಿ 600 ಆಗಿರಲಿ. ಇಲ್ಲಿ ಒಂದು ಸಣ್ಣ ಕ್ರಮಭಂಗವನ್ನು ಬಹಳ ಜನ ಮಾಡುತ್ತಾರೆ: ಮೊದಲು ಪಾಸ್‌ವರ್ಡ್ ಬರೆದು ಉಳಿಸಿ, ಆಮೇಲೆ ಸಿಎಚ್‌ಮಾಡ್ ಆಜ್ಞೆಯಿಂದ ಅನುಮತಿ ಬಿಗಿ ಮಾಡುತ್ತಾರೆ. ನಡುವಿನ ಅಷ್ಟು ಹೊತ್ತು ಕಡತ ಎಲ್ಲರಿಗೂ ತೆರೆದಿರುತ್ತದೆ. ಆದ್ದರಿಂದ ಖಾಲಿ ಕಡತ ಮಾಡಿ, 600 ಕೊಟ್ಟು, ನಂತರವೇ ಒಳಗೆ ಬರೆಯಿರಿ. ಕೆಲವು ಎಡಿಟರ್‌ಗಳು ತಿದ್ದುವಾಗ ಹಳೆಯ ಪ್ರತಿಯನ್ನು ಹೆಸರಿನ ಕೊನೆಗೊಂದು ಅಲೆ ಚಿಹ್ನೆ ಸೇರಿಸಿ ಪಕ್ಕದಲ್ಲೇ ಉಳಿಸುತ್ತವೆ; ಫೋಲ್ಡರಿನ ಪಟ್ಟಿಯನ್ನು ಒಮ್ಮೆ ನೋಡಿ ಅಂಥ ಪ್ರತಿ ಇದ್ದರೆ ಅಳಿಸಿಬಿಡಿ.

ಅನುಮತಿ 600 ಕೊಟ್ಟ ಮೇಲೆ ಪಾಸ್‌ವರ್ಡ್ ಸುರಕ್ಷಿತವೇ?

ಇದು ಎಲ್ಲಕ್ಕಿಂತ ಹೆಚ್ಚು ಬಾರಿ ಬರುವ ಪ್ರಶ್ನೆ, ಮತ್ತು ಇದಕ್ಕೆ ಹೌದು ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದು ಕೇಳಿದವರಿಗೆ ಮಾಡುವ ಅನ್ಯಾಯ.

600 ಎಂಬುದರಲ್ಲಿ ಮೊದಲ ಅಂಕಿ ಒಡೆಯನಿಗೆ, ಎರಡನೆಯದು ಗುಂಪಿಗೆ, ಮೂರನೆಯದು ಉಳಿದೆಲ್ಲರಿಗೆ ಸಂಬಂಧಿಸಿದ್ದು. ಓದಲು 4, ಬರೆಯಲು 2, ಕೂಡಿಸಿದರೆ 6. ಉಳಿದ ಇಬ್ಬರಿಗೆ ಸೊನ್ನೆ. ಇಷ್ಟನ್ನು ಕಾಪಾಡುವುದು ಆ ಕಂಪ್ಯೂಟರಿನಲ್ಲಿ ನಡೆಯುತ್ತಿರುವ ಲಿನಕ್ಸ್ ಕರ್ನೆಲ್. ಅದೇ ಕಂಪ್ಯೂಟರಿಗೆ ಲಾಗಿನ್ ಆದ ಬೇರೆ ಸಾಮಾನ್ಯ ಬಳಕೆದಾರರಿಂದ ನಿಮ್ಮ ಕಡತ ಸುರಕ್ಷಿತ. ಆದರೆ ಕಡತದೊಳಗಿನ ಅಕ್ಷರಗಳು ಇದ್ದ ಹಾಗೆಯೇ ಇವೆ, ಅವನ್ನು ಯಾರೂ ಗೂಢಲಿಪಿಗೆ ತಿರುಗಿಸಿಲ್ಲ. ಹಾಗಾಗಿ ಸುಡೊ ಹಕ್ಕು, ಅಂದರೆ ರೂಟ್ ಆಗಿ ಆಜ್ಞೆ ನಡೆಸುವ ಹಕ್ಕು, ಇರುವ ಪ್ರತಿಯೊಬ್ಬರೂ ಅದನ್ನು ಓದಬಲ್ಲರು. ಪೆನ್‌ಡ್ರೈವ್‌ನಿಂದ ಬೇರೊಂದು ಲಿನಕ್ಸನ್ನು ಬೂಟ್ ಮಾಡಿದವರೂ, ಹಾರ್ಡ್‌ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದವರೂ ಓದಬಲ್ಲರು, ಏಕೆಂದರೆ ಅವರ ಯಂತ್ರದಲ್ಲಿ ರೂಟ್ ಅವರೇ. ಹಳೆಯ ಕಂಪ್ಯೂಟರನ್ನು ಎಸ್.ಪಿ. ರಸ್ತೆಯ ಅಂಗಡಿಗೆ ಕೊಟ್ಟು ಹೊಸದನ್ನು ತರುವ ರೂಢಿ ನಮ್ಮ ಊರಿನ ಎಷ್ಟೋ ಕಚೇರಿಗಳಲ್ಲಿದೆ. ಡಿಸ್ಕನ್ನು ಪೂರ್ತಿ ಅಳಿಸದೆ ಕೊಟ್ಟರೆ 600 ಎಂಬ ಗುರುತು ಅಂಗಡಿಯ ಮೇಜಿನ ಮೇಲೆ ಯಾವ ಕೆಲಸಕ್ಕೂ ಬರುವುದಿಲ್ಲ.

ಇದಕ್ಕೆ ಪರಿಹಾರ ಬೇರೆ ಬೇರೆ ಹಂತದಲ್ಲಿದೆ. ಡಿಸ್ಕ್ ಕೈತಪ್ಪುವ ಭಯಕ್ಕೆ ಇಡೀ ಡಿಸ್ಕಿನ ಗೂಢಲಿಪೀಕರಣ: ಲಿನಕ್ಸ್‌ನಲ್ಲಿ ಲಕ್ಸ್, ವಿಂಡೋಸ್‌ನಲ್ಲಿ ಬಿಟ್‌ಲಾಕರ್. ರೂಟ್ ಹಕ್ಕಿನವರ ವಿಷಯದಲ್ಲಿ ತಾಂತ್ರಿಕ ಪರಿಹಾರ ಇಲ್ಲವೆಂದೇ ತಿಳಿಯಬೇಕು. ಅವರ ಸಂಖ್ಯೆಯನ್ನು ಕಡಿಮೆ ಇಡುವುದೇ ದಾರಿ. ಇನ್ನೊಂದು ಮಾತು: ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್ ವಿಧಾನದ ವಿಭಾಗದಲ್ಲಿ ಈ ಅನುಮತಿಗಳು ಉಳಿಯುವುದೇ ಇಲ್ಲ. ಅಲ್ಲಿಟ್ಟ ಕಡತಕ್ಕೆ ಸಿಎಚ್‌ಮಾಡ್ ಮಾಡಿ ನೆಮ್ಮದಿಯಿಂದಿರುವುದು ತಪ್ಪು.

ಪಾಸ್‌ವರ್ಡನ್ನು ಹಾಗೇ ಇಡುವ ಬದಲು ಬೇಸ್64 ಮಾಡಿ ಇಡಬಹುದೇ?

ಬೇಸ್64 ಎಂಬುದು ಬರೆಯುವ ಇನ್ನೊಂದು ರೀತಿ ಮಾತ್ರ. ಅದಕ್ಕೆ ಕೀಲಿ ಇಲ್ಲ, ಒಂದೇ ಆಜ್ಞೆಯಿಂದ ಯಾರು ಬೇಕಾದರೂ ಮೊದಲಿನ ರೂಪಕ್ಕೆ ತರಬಹುದು. ಕಡತ ಕಳಿಸುವ ಫೈಲ್‌ಜಿಲ್ಲಾ ತಂತ್ರಾಂಶ ಮಾಸ್ಟರ್ ಪಾಸ್‌ವರ್ಡ್ ಇಟ್ಟಿಲ್ಲದಿದ್ದರೆ ಉಳಿಸಿದ ಪಾಸ್‌ವರ್ಡ್‌ಗಳನ್ನು ಹೀಗೆಯೇ ಇಡುತ್ತದೆ. ಮಾಸ್ಟರ್ ಪಾಸ್‌ವರ್ಡಿನ ಸೌಲಭ್ಯ ಅದಕ್ಕೆ 2017ರಲ್ಲಿ ಬಂದಿದೆ, ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಚಾಲೂ ಮಾಡಿಕೊಳ್ಳಿ. ಕ್ಲೌಡ್‌ಗೆ ಕಡತ ನಕಲಿಸುವ ಆರ್‌ಕ್ಲೋನ್ ಕೂಡ ತನ್ನ ಸಂರಚನಾ ಕಡತದಲ್ಲಿ ಪಾಸ್‌ವರ್ಡನ್ನು ಮಸುಕು ಮಾಡಿಡುತ್ತದೆ. ಹೆಗಲ ಮೇಲಿಂದ ಇಣುಕಿದವರಿಗೆ ಓದಲಾಗದಿರಲಿ ಎಂಬಷ್ಟೇ ಅದರ ಉದ್ದೇಶ. ಇಡೀ ಸಂರಚನಾ ಕಡತಕ್ಕೆ ಪಾಸ್‌ವರ್ಡ್ ಹಾಕಿ ಗೂಢಲಿಪಿಗೊಳಿಸುವ ಆಯ್ಕೆ ಅದರಲ್ಲಿ ಬೇರೆಯಾಗಿಯೇ ಇದೆ.

ನಿಜವಾಗಿ ಗೂಢಲಿಪಿಗೊಳಿಸಿದರೂ ಒಂದು ಪ್ರಶ್ನೆ ಉಳಿಯುತ್ತದೆ. ರಾತ್ರಿ ಯಾರೂ ಇಲ್ಲದಾಗ ಕಂಪ್ಯೂಟರ್ ತಾನಾಗಿಯೇ ಸರ್ವರಿಗೆ ಸಂಪರ್ಕ ಪಡೆಯಬೇಕಾದರೆ ಬೀಗದ ಕೀಲಿಯೂ ಅದೇ ಯಂತ್ರದಲ್ಲಿ ಎಲ್ಲೋ ಇರಲೇಬೇಕು. ಬೀಗ ಹಾಕಿ ಕೀಲಿಯನ್ನು ಹೊಸ್ತಿಲ ಮೇಲೆ ಇಟ್ಟ ಹಾಗಾಗುತ್ತದೆ. ಕೈಪಿಡಿ ಸಾದಾ ಕಡತವನ್ನೇ ಸೂಚಿಸುವುದರ ಹಿಂದೆ ಈ ಕಾರಣವಿದೆ, ಅದು ಅಜಾಗರೂಕತೆಯಲ್ಲ.

ಪಾಸ್‌ವರ್ಡ್ ಸರಿಯಾಗಿಯೇ ಬರೆದಿದ್ದೇನೆ, ಆದರೂ ದೋಷ 13 ಬರುತ್ತದೆ. ಏನು ಮಾಡಲಿ?

ದೋಷ 13 ಎಂದರೆ ಅನುಮತಿ ನಿರಾಕರಣೆ. ಸರ್ವರ್ ಸಿಕ್ಕಿದೆ, ಆದರೆ ನೀವು ಕೊಟ್ಟ ವಿವರವನ್ನು ಅದು ಒಪ್ಪಿಲ್ಲ. ಕಾರಣಗಳನ್ನು ನಮ್ಮ ಕಚೇರಿಯಲ್ಲಿ ಕಂಡ ಕ್ರಮದಲ್ಲೇ ಹೇಳುತ್ತೇನೆ.

ಮೊದಲನೆಯದು ಅಲ್ಪವಿರಾಮ. ಮೌಂಟ್ ಆಯ್ಕೆಗಳನ್ನು ಒಂದರಿಂದ ಒಂದು ಬೇರ್ಪಡಿಸುವುದೇ ಅಲ್ಪವಿರಾಮ ಆದ್ದರಿಂದ, ಪಾಸ್‌ವರ್ಡಿನ ಒಳಗೆ ಅದಿದ್ದು ನೀವು ಅದನ್ನು ಎಫ್‌ಎಸ್‌ಟ್ಯಾಬ್ ಸಾಲಿನಲ್ಲೇ ಬರೆದಿದ್ದರೆ, ಪಾಸ್‌ವರ್ಡ್ ಅಲ್ಲಿಗೇ ತುಂಡಾಗಿ ಉಳಿದ ಭಾಗ ಮತ್ತೊಂದು ಆಯ್ಕೆ ಎಂದು ಪರಿಗಣಿತವಾಗುತ್ತದೆ. ಅದೇ ಪಾಸ್‌ವರ್ಡನ್ನು ಪ್ರತ್ಯೇಕ ಕಡತದಲ್ಲಿಟ್ಟರೆ ಈ ತೊಂದರೆ ಇಲ್ಲ.

ಎರಡನೆಯದು ಕಣ್ಣಿಗೆ ಕಾಣದ ಅಕ್ಷರ. ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಬರೆದು ತಂದ ಕಡತದ ಪ್ರತಿ ಸಾಲಿನ ಕೊನೆಗೆ ಎರಡು ಚಿಹ್ನೆಗಳಿರುತ್ತವೆ, ಲಿನಕ್ಸ್ ನಿರೀಕ್ಷಿಸುವುದು ಒಂದನ್ನು. ಹೆಚ್ಚಿನ ಚಿಹ್ನೆ ಪಾಸ್‌ವರ್ಡಿನ ಬಾಲಕ್ಕೆ ಅಂಟಿಕೊಳ್ಳಬಹುದು. ಕ್ಯಾಟ್ ಆಜ್ಞೆಗೆ ದೊಡ್ಡಕ್ಷರದ 'ಎ' ಆಯ್ಕೆ ಕೊಟ್ಟು ನೋಡಿದರೆ ಸಾಲಿನ ಕೊನೆಯಲ್ಲಿ ಡಾಲರ್ ಚಿಹ್ನೆ ಮಾತ್ರ ಕಾಣಬೇಕು. ಅದರ ಹಿಂದೆ ಟೋಪಿ ಚಿಹ್ನೆ ಮತ್ತು 'ಎಂ' ಅಕ್ಷರ ಕಂಡರೆ ಅದೇ ಆ ಹೆಚ್ಚಿನ ಚಿಹ್ನೆ.

ಮೂರನೆಯದು ಕನ್ನಡದಲ್ಲಿ ಕೆಲಸ ಮಾಡುವವರಿಗೆ ಮಾತ್ರ ಬರುವಂಥದ್ದು, ಯಾವ ಕೈಪಿಡಿಯಲ್ಲೂ ನನಗೆ ಸಿಗಲಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮಲ್ಲಿ ಕರಡು ತಿದ್ದುವ ಹಿರಿಯರೊಬ್ಬರ ಯಂತ್ರಕ್ಕೆ ಸಂಪರ್ಕ ಸಿಗದೆ ನಾನು ಅರ್ಧ ದಿನ ಕಳೆದೆ. ಪಾಸ್‌ವರ್ಡಿನಲ್ಲಿ ಒಂದು ಸೊನ್ನೆ ಇತ್ತು. ಪರದೆಯ ಮೇಲೆ ಅದು ಸೊನ್ನೆಯಂತೆಯೇ ಕಾಣುತ್ತಿತ್ತು, ಅಕ್ಕಪಕ್ಕದ ಅಕ್ಷರಗಳಿಗಿಂತ ಕೂದಲೆಳೆಯಷ್ಟು ದುಂಡಗೆ. ಆ ಕಡತ ಬರೆಯುವಾಗ ಅವರ ಕೀಲಿಮಣೆ ಕನ್ನಡದಲ್ಲಿದ್ದದ್ದರಿಂದ ಬಿದ್ದದ್ದು ಕನ್ನಡದ ಸೊನ್ನೆ. '೦' ಮತ್ತು '0' ನಮ್ಮ ಕಣ್ಣಿಗೆ ಒಂದೇ, ಯೂನಿಕೋಡ್‌ನಲ್ಲಿ ಎರಡು ಬೇರೆ ಸಂಕೇತಗಳು. ಸರ್ವರಿಗೆ ಅದು ಬೇರೆಯೇ ಪಾಸ್‌ವರ್ಡ್. ಮೇಲೆ ಹೇಳಿದ ಕ್ಯಾಟ್ ಆಜ್ಞೆಯೇ ಇದನ್ನೂ ತೋರಿಸಿಕೊಡುತ್ತದೆ: ಕನ್ನಡದ ಅಂಕಿ ಇದ್ದ ಕಡೆ ಹಲವು ವಿಚಿತ್ರ ಚಿಹ್ನೆಗಳ ಸಾಲು ಬರುತ್ತದೆ. ಪಾಸ್‌ವರ್ಡ್ ಬರೆಯುವ ಮುನ್ನ ಕೀಲಿಮಣೆಯನ್ನು ಇಂಗ್ಲಿಷಿಗೆ ತಿರುಗಿಸಿದ್ದೀರಾ ಎಂದು ದಯವಿಟ್ಟು ನೋಡಿಕೊಳ್ಳಿ.

ನಾಲ್ಕನೆಯದು ಸಾಂಬಾ ಸರ್ವರ್ ಇರುವ ಕಡೆ ಸಾಮಾನ್ಯ. ಸಾಂಬಾ ತನ್ನ ಬಳಕೆದಾರರ ಪಾಸ್‌ವರ್ಡ್‌ಗಳನ್ನು ಲಿನಕ್ಸ್ ಲಾಗಿನ್‌ನಿಂದ ಪ್ರತ್ಯೇಕವಾಗಿ ಇಟ್ಟುಕೊಳ್ಳುತ್ತದೆ. ಸರ್ವರಿನಲ್ಲಿ ನಿಮ್ಮ ಲಾಗಿನ್ ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಹಂಚಿಕೆಯ ಫೋಲ್ಡರಿನದ್ದು ಬದಲಾಗುವುದಿಲ್ಲ. ಎಸ್‌ಎಂಬಿಪಾಸ್‌ಡಬ್ಲ್ಯುಡಿ (smbpasswd) ಆಜ್ಞೆಯಿಂದ ಅದನ್ನು ಬೇರೆಯಾಗಿ ಬದಲಿಸಬೇಕು.

ದೋಷ 112 ಬಂದರೆ ಪಾಸ್‌ವರ್ಡನ್ನು ಮುಟ್ಟಬೇಡಿ. ಸರ್ವರ್ ಆಫ್ ಆಗಿದೆ ಎಂದು ಅದು ಹೇಳಿದರೂ ಎಷ್ಟೋ ಸಲ ಎರಡೂ ಕಡೆಯ ಎಸ್‌ಎಂಬಿ (ಫೋಲ್ಡರ್ ಹಂಚಿಕೆಯ ನಿಯಮಾವಳಿ) ಆವೃತ್ತಿ ಹೊಂದದಿರುವುದೇ ಕಾರಣ. ಹಳೆಯ ಯಂತ್ರಕ್ಕಾಗಿ ಎಸ್‌ಎಂಬಿ ಒಂದನೇ ಆವೃತ್ತಿಯನ್ನು ಮತ್ತೆ ಚಾಲೂ ಮಾಡುವ ಸಲಹೆ ಅಲ್ಲಲ್ಲಿ ಕಾಣುತ್ತದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಹರಡಿದ್ದು ಆ ಆವೃತ್ತಿಯ ಲೋಪದ ಮೂಲಕವೇ, ಆದ್ದರಿಂದ ಆ ಸಲಹೆಯನ್ನು ಪಾಲಿಸಬೇಡಿ.

ಕರೆಂಟ್ ಹೋಗಿ ಬಂದ ಮೇಲೆ ನನ್ನ ಕಂಪ್ಯೂಟರ್ ಬೂಟ್ ಆಗುವುದರಲ್ಲೇ ನಿಂತುಬಿಡುತ್ತದೆ. ಇದಕ್ಕೂ ಲಾಗಿನ್ ವಿವರಕ್ಕೂ ಸಂಬಂಧವಿದೆಯೇ?

ನೇರ ಸಂಬಂಧವಿಲ್ಲ. ನಿಮ್ಮ ಯಂತ್ರ ಸರ್ವರಿಗಿಂತ ಮೊದಲು ಎದ್ದಿರುತ್ತದೆ ಅಥವಾ ವೈಫೈ ಇನ್ನೂ ಬಂದಿರುವುದಿಲ್ಲ. ಎಫ್‌ಎಸ್‌ಟ್ಯಾಬ್ ಸಾಲಿಗೆ 'ನೋಫೇಲ್' ಆಯ್ಕೆ ಸೇರಿಸಿದರೆ ಮೌಂಟ್ ಆಗದಿದ್ದರೂ ಬೂಟ್ ಮುಂದುವರಿಯುತ್ತದೆ. ಸಿಸ್ಟಮ್‌ಡಿ ಇರುವ ಲಿನಕ್ಸ್‌ಗಳಲ್ಲಿ ಆಟೋಮೌಂಟ್ ಆಯ್ಕೆಯೂ ಇದೆ. ಫೋಲ್ಡರನ್ನು ನೀವು ಮೊದಲ ಸಲ ತೆರೆದಾಗಲೇ ಸಂಪರ್ಕ ನಡೆಯುತ್ತದೆ. ಮನೆಯಿಂದ ಕೆಲಸ ಮಾಡುವವರಿಗೆ ನಾನು ಎರಡನೆಯದನ್ನೇ ಹಾಕಿಕೊಡುತ್ತೇನೆ.

ಉಬುಂಟು ಡೆಸ್ಕ್‌ಟಾಪ್‌ನಲ್ಲಿ "ಪಾಸ್‌ವರ್ಡ್ ನೆನಪಿಡು" ಎಂದು ಒತ್ತಿದರೆ ಅದು ಎಲ್ಲಿ ಹೋಗುತ್ತದೆ?

ಗ್ನೋಮ್ ಕೀರಿಂಗ್ ಎಂಬ ಕೀಲಿಗೊಂಚಲಿಗೆ ಹೋಗುತ್ತದೆ. ಇದು ನಿಜಕ್ಕೂ ಗೂಢಲಿಪಿಯಲ್ಲಿರುತ್ತದೆ, ನಿಮ್ಮ ಲಾಗಿನ್ ಪಾಸ್‌ವರ್ಡೇ ಅದರ ಕೀಲಿ; ನೀವು ಲಾಗಿನ್ ಆದ ಕೂಡಲೇ ಅದೂ ತೆರೆದುಕೊಳ್ಳುತ್ತದೆ. ವೈಯಕ್ತಿಕ ಲ್ಯಾಪ್‌ಟಾಪ್‌ಗೆ ಸಾದಾ ಕಡತಕ್ಕಿಂತ ಇದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಇಲ್ಲಿ ಯಂತ್ರದ ಮುಂದೆ ಮನುಷ್ಯರೊಬ್ಬರು ಇದ್ದೇ ಇರುತ್ತಾರೆ.

ಪಾಸ್‌ವರ್ಡ್ ಕೇಳದೆ ತಾನಾಗಿ ಲಾಗಿನ್ ಆಗುವಂತೆ ಮಾಡಿಕೊಂಡವರಿಗೆ, ಬೆರಳಚ್ಚಿನಿಂದ ಲಾಗಿನ್ ಆಗುವವರಿಗೆ ಈ ಗೊಂಚಲು ತಾನಾಗಿ ತೆರೆಯುವುದಿಲ್ಲ, ಅದರ ಪಾಸ್‌ವರ್ಡ್ ಬೇರೆಯಾಗಿ ಕೇಳುತ್ತದೆ. ಹಾಗೆಯೇ, ನೀವು ಮರೆತ ಲಾಗಿನ್ ಪಾಸ್‌ವರ್ಡನ್ನು ನಾನು ರೂಟ್ ಆಗಿ ಬದಲಿಸಿಕೊಟ್ಟರೂ ಗೊಂಚಲಿಗೆ ಹಳೆಯದೇ ಬೇಕಾಗುತ್ತದೆ. ಹಳೆಯದು ನೆನಪಿಲ್ಲದಿದ್ದರೆ ಗೊಂಚಲನ್ನು ಅಳಿಸಿ ಹೊಸದಾಗಿ ಆರಂಭಿಸುವುದೊಂದೇ ದಾರಿ.

ವಿಂಡೋಸ್‌ನಲ್ಲಿ?

ಕಂಟ್ರೋಲ್ ಪ್ಯಾನಲ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್ ಒಳಗೆ, ವಿಂಡೋಸ್ ಕ್ರೆಡೆನ್ಶಿಯಲ್ಸ್ ಎಂಬ ವಿಭಾಗದಲ್ಲಿ ಉಳಿಯುತ್ತದೆ. ಅದು ನಿಮ್ಮ ವಿಂಡೋಸ್ ಖಾತೆಗೆ ಬೆಸೆದ ಗೂಢಲಿಪಿಯಲ್ಲಿರುತ್ತದೆ. ಸರ್ವರಿನ ಹೆಸರಿಗೆ ಉಳಿಸಿದ ವಿವರ ಅದೇ ಸರ್ವರಿನ ಐಪಿ ವಿಳಾಸಕ್ಕೆ ಅನ್ವಯಿಸುವುದಿಲ್ಲ. ಯಾವುದರಿಂದ ಉಳಿಸಿದಿರೋ ಅದರಿಂದಲೇ ಫೋಲ್ಡರನ್ನು ತೆರೆಯಬೇಕು.

ಬೇರೊಂದು ಕಂಪ್ಯೂಟರಿನಲ್ಲಿ ಹಂಚಿದ ಫೋಲ್ಡರಿಗೆ ನಿಮ್ಮ ನಾಲ್ಕಂಕಿಯ ಪಿನ್ ನಡೆಯುವುದಿಲ್ಲ, ಏಕೆಂದರೆ ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಸೇರಿದ್ದು. ಖಾತೆಯ ನಿಜವಾದ ಪಾಸ್‌ವರ್ಡನ್ನೇ ಕೊಡಬೇಕು. ದೋಷ 1219 ಬಂದರೆ, ಅದೇ ಸರ್ವರಿಗೆ ಈಗಾಗಲೇ ಬೇರೊಂದು ಹೆಸರಿನಲ್ಲಿ ಸಂಪರ್ಕ ಇದೆ ಎಂದರ್ಥ. ಹಳೆಯ ಸಂಪರ್ಕವನ್ನು ಕಡಿದು ಮತ್ತೆ ಪ್ರಯತ್ನಿಸಿ.

ಎಲ್ಲರಿಗೂ ಒಂದೇ ಯೂಸರ್‌ನೇಮ್ ಕೊಟ್ಟರೆ ಸುಲಭವಲ್ಲವೇ?

ಕೊಡುವ ದಿನ ಸುಲಭ. ಒಬ್ಬರು ಕೆಲಸ ಬಿಟ್ಟ ದಿನ ಎಲ್ಲರ ಯಂತ್ರಗಳಲ್ಲೂ ಪಾಸ್‌ವರ್ಡ್ ಬದಲಿಸಬೇಕಾಗುತ್ತದೆ. ಬದಲಿಸುವ ಶ್ರಮಕ್ಕೆ ಹೆದರಿ ಬದಲಿಸದೆ ಉಳಿಯುವುದೇ ಹೆಚ್ಚು. ಒಂದು ಅಧ್ಯಾಯ ಅಳಿಸಿಹೋದರೆ ಯಾರ ಕೈತಪ್ಪಿನಿಂದ ಎಂದು ಸರ್ವರಿನ ದಾಖಲೆ ಹೇಳಲಾರದು, ಆಗ ಸುಮ್ಮನೆ ಒಬ್ಬರ ಮೇಲೊಬ್ಬರಿಗೆ ಸಂಶಯ ಹುಟ್ಟುತ್ತದೆ. ಪ್ರತಿಯೊಬ್ಬರಿಗೂ ಅವರದೇ ಖಾತೆ ಕೊಡಿ, ಮುದ್ರಣಕ್ಕೆ ಹೋದ ಪುಸ್ತಕಗಳ ಫೋಲ್ಡರಿಗೆ ಓದುವ ಹಕ್ಕಷ್ಟೇ ಸಾಕು. ರಾತ್ರಿ ಬ್ಯಾಕಪ್ ತೆಗೆಯುವ ಸ್ಕ್ರಿಪ್ಟಿಗೂ ಪ್ರತ್ಯೇಕ ಖಾತೆ ಇರಲಿ. ಅದರ ಪಾಸ್‌ವರ್ಡ್ ಸೋರಿದರೂ ಆಗುವ ನಷ್ಟ ಆ ಖಾತೆಯ ಹಕ್ಕಿನಷ್ಟೇ.

ಮನೆಯಿಂದ ಸಂಪರ್ಕ ಪಡೆಯುವವರು ಪಾಸ್‌ವರ್ಡ್ ಬದಲು ಎಸ್‌ಎಸ್‌ಎಚ್ ಕೀಲಿ ಬಳಸಬೇಕು ಎನ್ನುತ್ತೀರಿ, ಏಕೆ?

ಎಸ್‌ಎಂಬಿ ಬಳಸುವ 445ನೇ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಡಬಾರದು. ಹಾಗಾಗಿ ಮನೆಯಿಂದ ಬರುವವರಿಗೆ ಒಂದೋ ವಿಪಿಎನ್ (ಕಚೇರಿಯ ಜಾಲಕ್ಕೆ ಗೂಢಲಿಪಿಯ ದಾರಿ), ಇಲ್ಲವೇ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಗೂಢಲಿಪಿಯಲ್ಲಿ ಲಾಗಿನ್ ಆಗುವ ವಿಧಾನ) ಮೇಲೆ ನಡೆಯುವ, ಕಡತ ಕಳಿಸುವ ಎಸ್‌ಎಫ್‌ಟಿಪಿ. ಎಸ್‌ಎಸ್‌ಎಚ್ ಹುಟ್ಟಿದ್ದೇ ಪಾಸ್‌ವರ್ಡ್ ಕದಿಯುವ ಘಟನೆಯಿಂದ: 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹರಿಯುತ್ತಿದ್ದ ಪಾಸ್‌ವರ್ಡ್‌ಗಳನ್ನು ಯಾರೋ ಕದ್ದು ಸಂಗ್ರಹಿಸಿದ ನಂತರ ಅಲ್ಲಿನ ಟಾಟು ಯ್ಲೋನೆನ್ ಅದನ್ನು ಬರೆದರು.

ಕೀಲಿಯಲ್ಲಿ ಎರಡು ಭಾಗಗಳು. ಬಹಿರಂಗ ಭಾಗ ಸರ್ವರಿನಲ್ಲಿರುತ್ತದೆ, ಅದನ್ನು ಯಾರು ನೋಡಿದರೂ ತೊಂದರೆಯಿಲ್ಲ. ಗುಪ್ತ ಭಾಗ ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಲಾಗಿನ್ ಆಗುವಾಗಲೂ ಅದರಿಂದ ಮಾಡಿದ ಸಹಿ ಮಾತ್ರ ಹೋಗುತ್ತದೆ. ಗುಪ್ತ ಕಡತದ ಅನುಮತಿ ಸಡಿಲವಾಗಿದ್ದರೆ ಎಸ್‌ಎಸ್‌ಎಚ್ ಅದನ್ನು ಬಳಸಲು ನಿರಾಕರಿಸಿ ದೊಡ್ಡಕ್ಷರಗಳಲ್ಲಿ ಎಚ್ಚರಿಸುತ್ತದೆ. ಕ್ರೆಡೆನ್ಶಿಯಲ್ಸ್ ಕಡತದ ವಿಷಯದಲ್ಲಿ ಅಂಥ ಕಾವಲು ಇಲ್ಲ ಎಂಬುದನ್ನು ಗಮನಿಸಿ. ಹೊಸ ಕೀಲಿ ಮಾಡುವವರು ಎಡ್25519 ವಿಧವನ್ನು ಆರಿಸಿಕೊಳ್ಳಿ. ಓಪನ್‌ಎಸ್‌ಎಸ್‌ಎಚ್‌ನಲ್ಲಿ ಅದು 2014ರಿಂದ ಇದೆ. ಕೀಲಿಗೆ ಪಾಸ್‌ಫ್ರೇಸ್ ಹಾಕಿ, ದಿನಕ್ಕೊಮ್ಮೆ ಅದನ್ನು ನೆನಪಿಟ್ಟುಕೊಳ್ಳುವ ಎಸ್‌ಎಸ್‌ಎಚ್ ಏಜೆಂಟಿಗೆ ಕೊಟ್ಟರೆ ಮತ್ತೆ ಮತ್ತೆ ಕೇಳುವುದಿಲ್ಲ. ಲ್ಯಾಪ್‌ಟಾಪ್ ಕಳೆದುಹೋದರೆ ನನಗೆ ಫೋನ್ ಮಾಡಿ. ಸರ್ವರಿನಿಂದ ನಿಮ್ಮ ಒಂದು ಸಾಲು ಅಳಿಸಿದರೆ ಸಾಕು, ಬೇರೆ ಯಾರ ಕೆಲಸವೂ ನಿಲ್ಲುವುದಿಲ್ಲ.

ಮುದ್ರಣಾಲಯದವರು ಎಫ್‌ಟಿಪಿಯಲ್ಲೇ ಕಳಿಸಿ ಎನ್ನುತ್ತಾರೆ.

ಸಾದಾ ಎಫ್‌ಟಿಪಿ ಯೂಸರ್‌ನೇಮ್, ಪಾಸ್‌ವರ್ಡ್ ಎರಡನ್ನೂ ತೆರೆದ ಅಕ್ಷರಗಳಲ್ಲಿ ಕಳಿಸುತ್ತದೆ. ನಿಮ್ಮ ಯಂತ್ರದಲ್ಲಿ ಎಷ್ಟು ಜೋಪಾನವಾಗಿ ಇಟ್ಟರೂ ದಾರಿಯಲ್ಲಿ ಅದು ಬಯಲೇ. ಎಸ್‌ಎಫ್‌ಟಿಪಿ ಅಥವಾ ಎಫ್‌ಟಿಪಿಎಸ್ ಇದೆಯೇ ಎಂದು ಕೇಳಿ ನೋಡಿ. ಇಲ್ಲವೆಂದರೆ ಆ ಒಂದು ಕೆಲಸಕ್ಕೆ ಮಾತ್ರ ಬಳಸುವ, ಬೇರೆಲ್ಲೂ ಇಲ್ಲದ ಪಾಸ್‌ವರ್ಡ್ ಇಟ್ಟುಕೊಳ್ಳಿ.

ಪಾಸ್‌ವರ್ಡನ್ನು ಮೂರು ತಿಂಗಳಿಗೊಮ್ಮೆ ಬದಲಿಸಬೇಕೇ?

ಬೇಡ. ಅಮೆರಿಕದ ಮಾನದಂಡ ಸಂಸ್ಥೆಯಾದ ಎನ್‌ಐಎಸ್‌ಟಿ 2017ರ ತನ್ನ ಮಾರ್ಗಸೂಚಿಯಲ್ಲಿ ಅವಧಿಗೊಮ್ಮೆ ಕಡ್ಡಾಯವಾಗಿ ಬದಲಿಸುವ ಪದ್ಧತಿಯನ್ನು ಕೈಬಿಡಲು ಹೇಳಿದೆ. ಸೋರಿಕೆಯ ಸುಳಿವು ಇದ್ದರೆ ಮಾತ್ರ ಬದಲಿಸಿ. ಉದ್ದವಾದ, ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇರಲಿ.

ಕ್ರೆಡೆನ್ಶಿಯಲ್ಸ್ ಕಡತ ತಪ್ಪಿ ಹೊರಗೆ ಹೋಗಿದೆ. ಅಳಿಸಿದರೆ ಸಾಕೇ?

ಸಾಲದು. ಇಮೇಲ್‌ನಲ್ಲಿ ಹೋಗಿದ್ದರೆ ಎದುರಿನವರ ಪೆಟ್ಟಿಗೆಯಲ್ಲಿದೆ, ಕಡತಗಳ ಹಳೆಯ ಆವೃತ್ತಿಗಳನ್ನು ಉಳಿಸುವ ಗಿಟ್‌ಗೆ ಸೇರಿದ್ದರೆ ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಇತಿಹಾಸದಲ್ಲಿದೆ, ಬ್ಯಾಕಪ್‌ನಲ್ಲಿ ಹೋಗಿದ್ದರೆ ಆ ಎಲ್ಲ ಪ್ರತಿಗಳಲ್ಲಿದೆ. ಮೊದಲು ಸರ್ವರಿನಲ್ಲಿ ಪಾಸ್‌ವರ್ಡ್ ಬದಲಿಸಿ, ಅಳಿಸುವ ಕೆಲಸ ಆಮೇಲಿನದು. ಅದಾದ ಮೇಲೆ, ಕಡತ ಹೊರಗೆ ಹೋದ ಹೊತ್ತಿನಿಂದ ಈವರೆಗೆ ಆ ಖಾತೆಯಲ್ಲಿ ಯಾವ ವಿಳಾಸಗಳಿಂದ ಲಾಗಿನ್ ಆಗಿದೆ ಎಂಬುದನ್ನು ಸರ್ವರಿನ ಲಾಗ್‌ನಲ್ಲಿ ನೋಡಬೇಕು.

ಅಪರಿಚಿತರು ನಿಜಕ್ಕೂ ಒಳಬಂದಿದ್ದರೆ ಅದು ಕಚೇರಿಯೊಳಗೇ ಮುಗಿಸುವ ವಿಷಯವಲ್ಲ. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಇಂಥ ಘಟನೆಯನ್ನು ಸಂಸ್ಥೆಗಳು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಉಳಿಸಿಟ್ಟಿರಬೇಕು. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ 3 ವರ್ಷದವರೆಗೆ ಶಿಕ್ಷೆಯಾಗುವ ಅಪರಾಧ. ಹಣದ ವಂಚನೆಯೂ ಸೇರಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿ.

ಕಡತವನ್ನು ಕಳಿಸಿದ್ದು ನೀವೇ ಆಗಿದ್ದರೆ, ಬೈಸಿಕೊಳ್ಳಬೇಕಾದೀತೆಂದು ಸೋಮವಾರದವರೆಗೆ ಕಾಯದೆ ಆ ಕ್ಷಣವೇ ನನಗೆ ತಿಳಿಸಿ. ರಾತ್ರಿ ಹನ್ನೊಂದಾಗಿದ್ದರೂ ಸರಿ. ಪಾಸ್‌ವರ್ಡ್ ಬದಲಿಸಲು ಎರಡು ನಿಮಿಷ ಸಾಕು.